ಅಬ್ಬಿಗೆ ಹೋಗುವವರಿಗೆ ಹೊಳೆಯ ಲೆಕ್ಕ

ಆಲೂರು ತಾಲೂಕಿನ ಕುಂದೂರು ಸೀಮೆಯಲ್ಲಿ ಬಿದ್ದ ಮಳೆ ಹಳ್ಳ ಸೇರಿ, ಹಳ್ಳ ಹೇಮಾವತಿಯನ್ನು ಸೇರಿ, ಗೊರೂರಿನ ಅಣೆಕಟ್ಟು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ. ಅದು ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಕುಂದೂರಿನಿಂದ ಪಶ್ಚಿಮಕ್ಕೆ ಹೊರಟು ಸಕಲೇಶಪುರ ತಾಲೂಕಿನ ಬಿಸಿಲೆ ಘಾಟಿಯ ಕಡೆಗೆ ಹೋದರೆ ಮಂಕನಹಳ್ಳಿಯ ಹತ್ತಿರ ಒಂದು ಕಲ್ಲು ನೆಟ್ಟಿರುವುದನ್ನು ಕಾಣಬಹುದು. ಅದರ ಒಂದು ಬದಿಗೆ ಬಿದ್ದ ಹನಿ ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಗೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ ಎಂದು ಸೂಚಿಸುವ ಕಲ್ಲು ಅದು. ಭೂಗೋಳದ ಪಾಠದಲ್ಲಿ 'ಜಲವಿಭಾಜಕ' ಎಂದು ಓದಿ, ಪರೀಕ್ಷೆ ಮುಗಿದ ಮೇಲೆ ನಾವು ಮರೆತುಬಿಡುವ ಪದ ಇಲ್ಲಿ ಕಾಲಡಿಯಲ್ಲೇ ಇದೆ.

ಈ ಬೆಟ್ಟಸಾಲಿಗೆ ಚಾರಣಕ್ಕೆಂದು ಬರುವವರ ಸಂಖ್ಯೆ ಹೆಚ್ಚುತ್ತಿದೆ. ಬಂದವರಲ್ಲಿ ಹೆಚ್ಚಿನವರು ನೋಡಬಯಸುವುದು ಅಬ್ಬಿಗಳನ್ನು. ಮಲೆನಾಡಿನಲ್ಲಿ ಜಲಪಾತಕ್ಕೆ ಅಬ್ಬಿ ಎಂದೇ ಹೆಸರು. ಹೆತ್ತೂರು ಕಡೆಯ ಮೂಕನಮನೆ ಅಬ್ಬಿ, ಹಾನುಬಾಳು ಕಡೆಯ ಮಗಜಹಳ್ಳಿ ಅಬ್ಬಿ ಇಂಥವು. ಎತ್ತರದಲ್ಲಿ ಇವು 253 ಮೀಟರಿನ ಜೋಗಕ್ಕೆ ಯಾವ ರೀತಿಯಿಂದಲೂ ಸಾಟಿಯಲ್ಲ. ಬಂಡೆಯಿಂದ ಬಂಡೆಗೆ ದಾಟುತ್ತ ನೀರಿನ ಬುಡದವರೆಗೂ ಹೋಗಬಹುದು. ಜೋಗವನ್ನು ನಾವು ಕಟಕಟೆಯ ಆಚೆ ನಿಂತು ನೋಡುತ್ತೇವೆ. ಇಲ್ಲಿ ನೀರಿಗೇ ಇಳಿಯುತ್ತೇವೆ. ಚಿಕ್ಕ ಅಬ್ಬಿಗಳ ಆಕರ್ಷಣೆ ಇರುವುದು ಇದರಲ್ಲೇ. ಅಪಾಯ ಇರುವುದೂ ಇದರಲ್ಲೇ.

ಪ್ರತಿ ಮಳೆಗಾಲದಲ್ಲೂ ರಾಜ್ಯದ ಯಾವುದಾದರೊಂದು ಜಲಪಾತದ ಬಳಿ ಯುವಕರು ಕೊಚ್ಚಿಹೋದ ಸುದ್ದಿ ಬರುತ್ತದೆ. ಸುದ್ದಿಯ ಜೊತೆಗೆ 'ಮೋಜಿನ ಹುಚ್ಚು', 'ಸೆಲ್ಫಿ ಗೀಳು' ಎಂಬ ಬೈಗುಳವೂ ಬರುತ್ತದೆ. ಬೈದರೆ ವಿಷಯ ತಿಳಿದಂತಾಗಲಿಲ್ಲ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತವರು, ಈಜು ಬಲ್ಲವರು, ತಲೆಯ ಮೇಲೆ ಬಿಸಿಲಿದ್ದಾಗಲೇ ಹೇಗೆ ಕೊಚ್ಚಿಹೋಗುತ್ತಾರೆ? ಇದಕ್ಕೆ ಉತ್ತರ ಹೊಳೆಯ ಸ್ವಭಾವದಲ್ಲಿದೆ. ಪ್ರೌಢಶಾಲೆಯ ಗಣಿತ ಬಲ್ಲವರು ಈ ಲೆಕ್ಕ ಮಾಡಬಹುದು.

ಒಂದೇ ಮಳೆ, ಎರಡು ಇಳಿಜಾರು

ಹೇಮಾವತಿ ಹುಟ್ಟುವುದು ಬಲ್ಲಾಳರಾಯನದುರ್ಗದ ಬಳಿ, ಸುಮಾರು 1,219 ಮೀಟರ್ ಎತ್ತರದಲ್ಲಿ. ಸುಮಾರು 245 ಕಿ.ಮೀ. ಹರಿದು ಅದು ಕೃಷ್ಣರಾಜಸಾಗರವನ್ನು ಸೇರುತ್ತದೆ. ಆ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 752 ಮೀಟರ್. ಅಂದರೆ 245 ಕಿ.ಮೀ. ದಾರಿಯಲ್ಲಿ ಹೊಳೆ ಇಳಿಯುವುದು 467 ಮೀಟರ್. ಕಿಲೋಮೀಟರಿಗೆ ಎರಡು ಮೀಟರೂ ಇಲ್ಲ. ಆ ಇಳಿಕೆಯಲ್ಲೂ ಬಹುಪಾಲು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಮುಗಿಯುತ್ತದೆ. ಸಕಲೇಶಪುರ, ಆಲೂರುಗಳಲ್ಲಿ ಅದು ಗದ್ದೆ ಬಯಲುಗಳ ನಡುವೆ ಬಳುಕುತ್ತ ಸಾಗುವ ಹೊಳೆ.

ಜಲವಿಭಾಜಕದ ಆಚೆ ಬದಿಯ ಕಥೆ ಬೇರೆ. ಕೆಂಪುಹೊಳೆ, ಎತ್ತಿನಹೊಳೆ, ಕಾಡುಮನೆ ಹೊಳೆ ಮುಂತಾದವು ಘಟ್ಟ ಇಳಿದು ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿಕೊಳ್ಳುತ್ತವೆ. ಘಟ್ಟದ ನೆತ್ತಿಯಿಂದ ಗುಂಡ್ಯದ ತನಕ ಇಪ್ಪತ್ತು-ಇಪ್ಪತ್ತೈದು ಕಿ.ಮೀ. ಒಳಗೆ 700 ಮೀಟರಿಗೂ ಹೆಚ್ಚು ಇಳಿಕೆ. ಕಿಲೋಮೀಟರಿಗೆ ಸುಮಾರು 30 ಮೀಟರ್ ಎಂದಾಯಿತು. ಇದೇ ಘಟ್ಟದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ತನಕ ರೈಲು ಇಳಿಸಲು 57 ಸುರಂಗ ಕೊರೆಯಬೇಕಾಯಿತು. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಂತೆ ಹಳಿಯನ್ನು ಬೆಟ್ಟದ ಮೈಗೆ ಸುತ್ತಿಸಲಾಗಿದೆ. ಹೊಳೆಗೆ ಅಂಥ ತಾಳ್ಮೆ ಇಲ್ಲ. ಸಿಕ್ಕಿದ ಕಡೆ ಧುಮುಕುತ್ತದೆ.

ಹರಿಯುವ ನೀರಿನ ಸಾಮರ್ಥ್ಯವು ಅದರ ಪ್ರಮಾಣ ಮತ್ತು ಇಳಿಜಾರು ಇವೆರಡರ ಗುಣಲಬ್ಧವನ್ನು ಅವಲಂಬಿಸಿರುತ್ತದೆ. ಎರಡೂ ಬದಿಯಲ್ಲಿ ಒಂದೇ ಪ್ರಮಾಣದ ನೀರು ಹರಿದರೂ ಪಶ್ಚಿಮದ ಹಳ್ಳಕ್ಕೆ ಹದಿನೈದು ಪಟ್ಟು ಹೆಚ್ಚು ಬಲ. ಆದ್ದರಿಂದಲೇ ಪೂರ್ವದಲ್ಲಿ ಅಗಲವಾದ ಕಣಿವೆಗಳು, ಪಶ್ಚಿಮದಲ್ಲಿ ಕಿರಿದಾದ ಆಳದ ಕಮರಿಗಳು. ಪಶ್ಚಿಮದ ಹಳ್ಳಗಳು ತಮ್ಮ ತಲೆಯ ಕಡೆಗೆ ಕೊರೆಯುತ್ತ ಹೋಗುವುದರಿಂದ ಜಲವಿಭಾಜಕವೂ ನಿಧಾನವಾಗಿ ಪೂರ್ವಕ್ಕೆ ಸರಿಯುತ್ತದೆ. ಭೂವೈಜ್ಞಾನಿಕ ಕಾಲದಲ್ಲಿ ನೋಡಿದರೆ ಪೂರ್ವದ ಹೊಳೆಗಳ ನೀರನ್ನು ಪಶ್ಚಿಮದ ಹೊಳೆಗಳು ಕಬಳಿಸುತ್ತಿವೆ. ಮನುಷ್ಯ ಈಗ ಇದನ್ನು ತಿರುಗುಮುರುಗು ಮಾಡಿದ್ದಾನೆ: 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಗೊಂಡ ಎತ್ತಿನಹೊಳೆ ಯೋಜನೆ, ಪಶ್ಚಿಮಕ್ಕೆ ಇಳಿಯುವ ನೀರನ್ನು ಒಡ್ಡುಗಳಲ್ಲಿ ತಡೆದು ಪಂಪುಗಳಿಂದ ಪೂರ್ವಕ್ಕೆ ಎತ್ತುತ್ತದೆ. ಅದರ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ.

ಗಟ್ಟಿ ಕಲ್ಲನ್ನು ಕತ್ತರಿಸಿದ ಬಗೆ

ಪಠ್ಯಪುಸ್ತಕಗಳಲ್ಲಿ ಜಲಪಾತದ ಚಿತ್ರವೆಂದರೆ ಸಾಮಾನ್ಯವಾಗಿ ನಯಾಗರಾ ಮಾದರಿಯದು. ಮೇಲೆ ಗಟ್ಟಿ ಶಿಲೆ, ಕೆಳಗೆ ಮೆದು ಶಿಲೆ. ಮೆದು ಶಿಲೆ ಸವೆದು ಗುಹೆಯಾದಾಗ ಮೇಲಿನ ಗಟ್ಟಿ ಶಿಲೆ ಆಧಾರ ತಪ್ಪಿ ಮುರಿದು ಬೀಳುತ್ತದೆ. ಜಲಪಾತ ಹಿಂದೆ ಹಿಂದೆ ಸರಿಯುತ್ತದೆ. ಈ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು ಸಕಲೇಶಪುರದ ಅಬ್ಬಿಯ ಮುಂದೆ ನಿಂತರೆ ಗೊಂದಲವಾಗುವುದು ಖಂಡಿತ. ಇಲ್ಲಿ ಬಹುಮಟ್ಟಿಗೆ ಮೇಲಿರುವುದೂ ಕೆಳಗಿರುವುದೂ ಒಂದೇ ಬಗೆಯ ಶಿಲೆ: ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ, ಪಟ್ಟೆಪಟ್ಟೆಯಾಗಿ ಕಾಣುವ ನೈಸ್.

ಇಂಥ ಶಿಲೆಯಲ್ಲಿ ನೀರಿಗೆ ದಾರಿ ಕೊಡುವುದು ಬಿರುಕುಗಳು. ನೈಸ್ ಶಿಲೆಯಲ್ಲಿ ಅಡ್ಡಲಾಗಿಯೂ ಉದ್ದವಾಗಿಯೂ ಸೀಳುಗಳಿರುತ್ತವೆ. ನೀರು, ಬೇರು, ಬಿಸಿಲು ಸೇರಿ ಸೀಳುಗಳನ್ನು ಸಡಿಲಿಸುತ್ತವೆ. ದೊಡ್ಡ ನೆರೆಯೊಂದು ಬಂದಾಗ ಪೆಟ್ಟಿಗೆಯಾಕಾರದ ಬಂಡೆಯೊಂದು ಕಿತ್ತು ಬರುತ್ತದೆ. ಹಾಗೆ ಕಿತ್ತು ಹೋದ ಜಾಗವೇ ಮೆಟ್ಟಿಲು; ಮೆಟ್ಟಿಲೇ ಅಬ್ಬಿ. ಅನೇಕ ಅಬ್ಬಿಗಳು ಒಂದೇ ಹಾರಾಗಿರದೆ ಮೂರು ನಾಲ್ಕು ಮೆಟ್ಟಿಲುಗಳಾಗಿ ಇಳಿಯುವುದನ್ನು ನೀವು ಗಮನಿಸಿರಬಹುದು. ಕೊಡಗಿನ ಸೋಮವಾರಪೇಟೆ ತಾಲೂಕಿನಲ್ಲಿ ಕುಮಾರಧಾರೆಯ ಮಲ್ಲಳ್ಳಿ ಜಲಪಾತವೂ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯುತ್ತದೆ.

ಕಮರಿ ಹುಟ್ಟುವ ಬಗೆ ಇನ್ನೂ ಸ್ವಾರಸ್ಯದ್ದು. ಹೊಳೆಯ ತಳದ ಸಣ್ಣ ಕುಳಿಯೊಂದರಲ್ಲಿ ನಾಲ್ಕು ಕಲ್ಲುಗಳು ಸಿಕ್ಕಿಕೊಳ್ಳುತ್ತವೆ. ಸುಳಿಯಲ್ಲಿ ಅವು ಒರಳಿನ ಗುಂಡಿನಂತೆ ಸುತ್ತುತ್ತವೆ. ಗುಂಡೂ ಸವೆಯುತ್ತದೆ, ಒರಳೂ ಆಳವಾಗುತ್ತದೆ. ಇಂಥ ಗುಂಡಿಗಳು ಸಾಲಾಗಿ ಬೆಳೆದು, ನಡುವಿನ ಗೋಡೆ ಒಡೆದು ಒಂದಾದರೆ ಕಿರಿದಾದ ಕಮರಿ ಸಿದ್ಧ. ಕನಕಪುರದ ಕಡೆ ಮೇಕೆದಾಟುವಿನಲ್ಲಿ ಕಾವೇರಿಯಂಥ ಕಾವೇರಿಯೇ ಇಕ್ಕಟ್ಟಾದ ಕಲ್ಲಿನ ಸಂದಿಯಲ್ಲಿ ನುಗ್ಗುವುದನ್ನು ಕಂಡವರು ಅಲ್ಲಿನ ಬಂಡೆಗಳಲ್ಲಿ ನುಣುಪಾದ ಒರಳುಗುಂಡಿಗಳನ್ನೂ ಕಂಡಿರುತ್ತಾರೆ.

ಇಲ್ಲಿ ಒಂದು ಪ್ರಶ್ನೆ. ಬಿದ್ದ ನೀರಿನ ಶಕ್ತಿಯೆಲ್ಲ ಎಲ್ಲಿಗೆ ಹೋಗುತ್ತದೆ? ಹೆಚ್ಚಿನದೆಲ್ಲ ಶಾಖವಾಗುತ್ತದೆ. ಆದರೆ 100 ಮೀಟರ್ ಬಿದ್ದರೂ ನೀರಿನ ಉಷ್ಣತೆ ಏರುವುದು ಒಂದು ಡಿಗ್ರಿಯ ಕಾಲುಭಾಗಕ್ಕಿಂತ ತುಸು ಕಡಿಮೆ. 20 ಮೀಟರಿನ ಅಬ್ಬಿಯಲ್ಲಿ ಅದು 0.05 ಡಿಗ್ರಿಯಷ್ಟೆ. ಉಷ್ಣಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದ ಜೌಲ್ 1847ರಲ್ಲಿ ಮದುವೆಯಾದ ಹೊಸತರಲ್ಲಿ ಆಲ್ಪ್ಸ್ ಪರ್ವತಗಳಿಗೆ ಹೋದಾಗಲೂ ಉಷ್ಣಮಾಪಕ ಹಿಡಿದು ಜಲಪಾತದ ಮೇಲೂ ಕೆಳಗೂ ಅಳೆಯಲು ಹೊರಟಿದ್ದನೆಂಬ ಕಥೆಯನ್ನು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಹೇಳಿದ್ದಾನೆ. ಶಾಖವಾಗದೆ ಉಳಿದ ಅಲ್ಪ ಪಾಲೇ ಕೋಟ್ಯಂತರ ವರ್ಷಗಳಲ್ಲಿ ಈ ಕಮರಿಗಳನ್ನು ಕೊರೆದಿದೆ.

ಒಂದು ಮೀಟರ್ ಅಗಲದಲ್ಲಿ ಎಷ್ಟು ನೀರು?

ಈಗ ನಮ್ಮ ಕಾಲಿನ ವಿಷಯಕ್ಕೆ ಬರೋಣ. ಅರ್ಧ ಮೀಟರ್ ಆಳದ, ಅಂದರೆ ಮೊಣಕಾಲು ಮುಟ್ಟುವ ನೀರಿನಲ್ಲಿ ನೀವು ನಿಂತಿದ್ದೀರಿ. ಎರಡು ಕಾಲುಗಳೂ ಸೇರಿ ನೀರಿಗೆ ಒಡ್ಡುವ ಮೇಲ್ಮೈ ಸುಮಾರು 0.12 ಚದರ ಮೀಟರ್. ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಅದು ಕಾಲುಗಳನ್ನು ತಳ್ಳುವ ಬಲ ಸುಮಾರು 60 ನ್ಯೂಟನ್. ಆರು ಕಿಲೋ ತೂಕದಷ್ಟು, ನಿಭಾಯಿಸಬಹುದು. ವೇಗ 2 ಮೀಟರ್ ಆದರೆ ಬಲ ಇಮ್ಮಡಿಯಲ್ಲ, ನಾಲ್ಮಡಿ: 240 ನ್ಯೂಟನ್, ಅಂದರೆ 24 ಕಿಲೋ. ವೇಗ 3 ಮೀಟರ್ ಆದರೆ 540 ನ್ಯೂಟನ್. ಒಬ್ಬ ಆಳು ಪಕ್ಕದಿಂದ ಬಂದು ಒರಗಿದಂತೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಆಳ ಮಾತ್ರ ಮೊದಲಿನಷ್ಟೇ ಇದೆ, ಮೊಣಕಾಲು ಮಟ್ಟ! 'ಇಷ್ಟೇ ನೀರು ತಾನೆ' ಎಂಬ ಮಾತು ಸುಳ್ಳಾಗುವುದು ಇಲ್ಲಿ.

ಇನ್ನೊಂದು ಅಂಶವೂ ಇದೆ. ಆಳ ಹೆಚ್ಚಿದಂತೆ ನೀರು ದೇಹವನ್ನು ಮೇಲೆತ್ತುತ್ತದೆ. ಪಾದ ನೆಲವನ್ನು ಒತ್ತುವ ಬಲ ಕಡಿಮೆಯಾಗುತ್ತದೆ. ಘರ್ಷಣೆ ಆ ಒತ್ತುವ ಬಲವನ್ನೇ ನೆಚ್ಚಿಕೊಂಡಿದೆ. ತಳ್ಳುವ ಬಲ ಏರುತ್ತದೆ, ಹಿಡಿತ ಇಳಿಯುತ್ತದೆ. ಪಾಚಿಗಟ್ಟಿದ ಬಂಡೆಯಾದರಂತೂ ಹೇಳುವುದೇ ಬೇಡ.

ಈ ಎರಡನ್ನೂ ಕೂಡಿಸಿ ಹೇಳಲು ಒಂದು ಸರಳ ಅಳತೆ ಇದೆ: ಮೀಟರಿನಲ್ಲಿ ಆಳ ಗುಣಿಸು ಸೆಕೆಂಡಿಗೆ ಮೀಟರಿನಲ್ಲಿ ವೇಗ. ಆಸ್ಟ್ರೇಲಿಯಾದ ನೆರೆ ಸುರಕ್ಷತಾ ಮಾರ್ಗಸೂಚಿಯಲ್ಲಿ ಈ ಗುಣಲಬ್ಧ ಮಕ್ಕಳಿಗೆ 0.4, ವಯಸ್ಕರಿಗೆ 0.6 ಮೀರಿದರೆ ಅಪಾಯ ಶುರುವೆಂದು ಲೆಕ್ಕ. ಅದೂ ತಳ ಸಮವಾಗಿದ್ದಾಗ. ನಮ್ಮ ಹಳ್ಳಗಳ ಉರುಳುಗಲ್ಲಿನ ತಳಕ್ಕೆ ಇನ್ನೂ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಅಳೆಯುವುದು ಕಷ್ಟವಲ್ಲ. ದಡದಲ್ಲಿ ಹತ್ತು ಮೀಟರ್ ಗುರುತು ಮಾಡಿ, ಒಂದು ಒಣ ಎಲೆಯನ್ನು ನೀರಿಗೆ ಬಿಟ್ಟು, ದಾಟಲು ಎಷ್ಟು ಸೆಕೆಂಡು ಬೇಕಾಯಿತೆಂದು ಗಡಿಯಾರದಲ್ಲಿ ನೋಡಿ. ಹತ್ತು ಸೆಕೆಂಡಾದರೆ ವೇಗ 1 ಮೀಟರ್. ಐದು ಸೆಕೆಂಡಾದರೆ 2 ಮೀಟರ್. ಆಳವನ್ನು ದಡದಿಂದಲೇ ಕೋಲಿನಿಂದ ನೋಡಿ.

ಈ ಗುಣಲಬ್ಧದಲ್ಲಿ ಇನ್ನೊಂದು ಅರ್ಥ ಅಡಗಿದೆ. ಆಳ ಗುಣಿಸು ವೇಗ ಎಂದರೆ ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಹಾಯುವ ನೀರಿನ ಪ್ರಮಾಣವೇ. ಹೊಳೆಯೊಂದರಲ್ಲಿ ಸೆಕೆಂಡಿಗೆ 6 ಘನ ಮೀಟರ್ ನೀರು ಹರಿಯುತ್ತಿದೆ ಎನ್ನೋಣ. 15 ಮೀಟರ್ ಅಗಲದ ಜಾಗದಲ್ಲಿ ಗುಣಲಬ್ಧ 0.4. ಅದೇ ನೀರು ನೂರು ಹೆಜ್ಜೆ ಮುಂದೆ 3 ಮೀಟರ್ ಅಗಲದ ಕಮರಿಯಲ್ಲಿ ನುಗ್ಗುವಾಗ 2.0. ದಾಟಲು ಹೊರಟವರು ಸಾಮಾನ್ಯವಾಗಿ ಹುಡುಕುವುದು ಕಿರಿದಾದ ಜಾಗವನ್ನೇ, 'ನಾಲ್ಕು ಹೆಜ್ಜೆ ಇಟ್ಟರಾಯಿತು' ಎಂದು. ಹೊಳೆ ಎಲ್ಲಿ ಕಿರಿದೋ ಅಲ್ಲೇ ಅದು ಕಾಲು ಕೀಳುತ್ತದೆ. ದನಕಾಯುವವರು, ತೋಟದ ಆಳುಗಳು ಹಳ್ಳ ದಾಟುವ ಜಾಗ ನೋಡಿ: ನೀರು ಹರಡಿಕೊಂಡು, ತಳದ ಕಲ್ಲು ಕಾಣುವಂತೆ ಹರಿಯುವ ಕಡೆ. ಕಿರಿದಾದ ಕಡೆ ಅವರು ಸಂಕ ಹಾಕುತ್ತಾರೆ, ನೀರಿಗೆ ಇಳಿಯುವುದಿಲ್ಲ.

ಮಳೆ ಅಲ್ಲಿ, ನೆರೆ ಇಲ್ಲಿ

ಒಂದು ಚದರ ಕಿ.ಮೀ. ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಅದು 1,000 ಘನ ಮೀಟರ್ ನೀರು. ಅಬ್ಬಿಯೊಂದರ ಮೇಲಿನ ಜಲಾನಯನ ಪ್ರದೇಶ 5 ಚದರ ಕಿ.ಮೀ. ಎಂದಿಟ್ಟುಕೊಳ್ಳಿ. ಘಟ್ಟದ ಮಳೆಗೆ ಗಂಟೆಯಲ್ಲಿ 60 ಮಿ.ಮೀ. ಸುರಿಯುವುದು ದೊಡ್ಡ ಮಾತಲ್ಲ. ಅಲ್ಲಿಗೆ 3,00,000 ಘನ ಮೀಟರ್ ಆಯಿತು. ಮುಂಗಾರಿನ ಆರಂಭದಲ್ಲಿ ಒಣಗಿದ ಕಾಡಿನ ಮಣ್ಣು ಇದರಲ್ಲಿ ಹೆಚ್ಚಿನದನ್ನು ಹೀರಿಕೊಂಡು ಹತ್ತರಲ್ಲೊಂದು ಪಾಲನ್ನು ಮಾತ್ರ ಹೊಳೆಗೆ ಬಿಟ್ಟಿತೆನ್ನಿ. ಒಂದು ಗಂಟೆಯಲ್ಲಿ ಹರಿದರೆ ಸೆಕೆಂಡಿಗೆ ಸುಮಾರು 8 ಘನ ಮೀಟರ್. ಆರಿದ್ರಾ, ಪುನರ್ವಸು ಮಳೆಗಳು ಹಿಡಿದು ಸುರಿದು, ಪುಷ್ಯದ ಹೊತ್ತಿಗೆ ಮಣ್ಣು ತುಂಬಿರುತ್ತದೆ. ಹೀರಲು ಜಾಗವಿಲ್ಲ. ಆಗ ಅರ್ಧ ಪಾಲು ಹರಿದರೂ ಸೆಕೆಂಡಿಗೆ 42 ಘನ ಮೀಟರ್ ನೀರು ಬರುತ್ತದೆ. ಮಳೆ ಅಷ್ಟೇ, ನೆರೆ ಐದು ಪಟ್ಟು. 'ಜೂನಿನಲ್ಲಿ ಇಂಥದೇ ಮಳೆಯಲ್ಲಿ ಬಂದಿದ್ದೆವು, ಏನೂ ಆಗಿರಲಿಲ್ಲ' ಎಂಬ ಅನುಭವ ಜುಲೈ ಕೊನೆಯಲ್ಲಿ ಕೆಲಸಕ್ಕೆ ಬಾರದು.

ಈಗ ಮೇಲಿನ ಅಳತೆಗೆ ಇದನ್ನು ಹೊಂದಿಸಿ. 6 ಮೀಟರ್ ಅಗಲದ ಹಳ್ಳದಲ್ಲಿ ಮೊದಲು ಸೆಕೆಂಡಿಗೆ 1.5 ಘನ ಮೀಟರ್ ಹರಿಯುತ್ತಿತ್ತು, ಗುಣಲಬ್ಧ 0.25. ಮಕ್ಕಳೂ ಆಡಬಹುದಾದ ನೀರು. ನೆರೆ ಬಂದಾಗ ಅದು 7ನ್ನು ದಾಟುತ್ತದೆ. ಯಾವ ಈಜುಗಾರನೂ ಇದರ ಮುಂದೆ ನಿಲ್ಲಲಾರ.

ಇದಕ್ಕೆ ಎಷ್ಟು ಹೊತ್ತು ಬೇಕು? ಜಲಾನಯನದ ಅತಿ ದೂರದ ಮೂಲೆಯ ನೀರು ಕೆಳಗೆ ತಲುಪುವ ಕಾಲವನ್ನು ಅಂದಾಜು ಮಾಡಲು ಎಂಜಿನಿಯರುಗಳು 1940ರಲ್ಲಿ ಕಿರ್ಪಿಚ್ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ನಾಲ್ಕು ಕಿ.ಮೀ. ಉದ್ದದ, ಕಿಲೋಮೀಟರಿಗೆ 100 ಮೀಟರ್ ಇಳಿಯುವ ಹಳ್ಳಕ್ಕೆ ಆ ಸೂತ್ರ ಕೊಡುವ ಉತ್ತರ ಅರ್ಧ ಗಂಟೆಗಿಂತ ತುಸು ಕಡಿಮೆ. ಹೇಮಾವತಿಯಂಥ ಹೊಳೆ ಏರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ದಡದವರಿಗೆ ತಿಳಿಯುತ್ತದೆ. ಚಿಕ್ಕ ಹಳ್ಳ ಬುತ್ತಿ ಬಿಚ್ಚಿ ಕಟ್ಟುವಷ್ಟರಲ್ಲಿ ಏರಿರುತ್ತದೆ. ಘಟ್ಟದಲ್ಲಿ ಒಂದು ಗುಡ್ಡಕ್ಕೆ ಮಳೆ, ಪಕ್ಕದ ಗುಡ್ಡಕ್ಕೆ ಬಿಸಿಲು ಇರುವುದು ನಿತ್ಯದ ಸಂಗತಿ. ಮೇಲೆ ಸುರಿದದ್ದು ಕೆಳಗಿದ್ದವರಿಗೆ ಕಾಣುವುದಿಲ್ಲ. ಕಮರಿಯೊಳಗೆ ನಿಂತವರಿಗೆ ಆಕಾಶವೇ ಒಂದು ಪಟ್ಟಿಯಷ್ಟು ಕಾಣುವುದು.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್ಲಾಕೆನ್ ಬಳಿ ಸ್ಯಾಕ್ಸೆಟನ್ ತೊರೆಯ ಕಮರಿಯಲ್ಲಿ ಇಳಿಯುತ್ತಿದ್ದ ಗುಂಪಿನ ಮೇಲೆ, ಮೇಲಿನ ಗುಡುಗುಮಳೆಯ ನೀರು ಒಮ್ಮೆಗೇ ನುಗ್ಗಿ 21 ಜನ ಸತ್ತರು. ಅವರ ಜೊತೆ ತರಬೇತಾದ ಮಾರ್ಗದರ್ಶಕರಿದ್ದರು. 2024ರ ಮೇ 17ರಂದು ತಮಿಳುನಾಡಿನ ಹಳೆಯ ಕುರ್ತಾಳಂ ಜಲಪಾತದಲ್ಲಿ ಸ್ನಾನ ಮಾಡುತ್ತಿದ್ದವರ ಮೇಲೆ ಹೀಗೇ ನೀರು ಬಂತು. ಒಬ್ಬ ಹುಡುಗ ಸತ್ತ. ಮುಂಗಾರು ಇನ್ನೂ ಬಂದಿರಲಿಲ್ಲ ಎಂಬುದನ್ನು ಗಮನಿಸಿ. ಅದೇ ವರ್ಷ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು, ಏರುತ್ತಿದ್ದ ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಂತೆಯೇ ಕೊಚ್ಚಿಹೋದರು.

ಹೊಳೆಯಲ್ಲಿ ಒಡ್ಡು, ಕಿರು ಜಲವಿದ್ಯುತ್ ಘಟಕ, ಅಣೆಕಟ್ಟು ಇದ್ದರೆ ಮಳೆಯಿಲ್ಲದೆಯೂ ನೀರು ಏರಬಹುದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಂದದ್ದು ಅಣೆಕಟ್ಟಿನಿಂದ ಬಿಟ್ಟ ನೀರು.

ನೀರು ಏರುವ ಮುನ್ನ ಹೊಳೆ ಕೆಲವು ಸೂಚನೆಗಳನ್ನು ಕೊಡುತ್ತದೆ. ತಿಳಿಯಾಗಿದ್ದ ನೀರು ಚಹಾ ಬಣ್ಣಕ್ಕೆ, ಅಲ್ಲಿಂದ ಕೆಂಪಿಗೆ ತಿರುಗುತ್ತದೆ. ಎಲೆ, ಕಡ್ಡಿ, ನೊರೆ ಹೆಚ್ಚಾಗಿ ತೇಲಿ ಬರುತ್ತವೆ. ಹಸಿಮಣ್ಣಿನ ವಾಸನೆ ಬರುತ್ತದೆ. ತಳದಲ್ಲಿ ಕಲ್ಲಿಗೆ ಕಲ್ಲು ತಾಗುವ ಗುಡುಗುಡು ಸದ್ದು ಕೇಳಿದರೆ ತಡವಾಗಿದೆ ಎಂದೇ ಅರ್ಥ. ಹರಿವಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆಂಬುದು ಭೂವಿಜ್ಞಾನದ ಹಳೆಯ ನಿಯಮ. ಹೋದ ಕೂಡಲೇ ನೀರಿನ ಅಂಚಿಗೆ ಒಂದು ಕಲ್ಲಿಟ್ಟು, ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಅದನ್ನು ನೋಡುತ್ತಿದ್ದರೆ ಈ ಯಾವ ಸೂಚನೆಯೂ ತಪ್ಪಿಹೋಗದು. ಕಲ್ಲು ಮುಳುಗಿತೆಂದರೆ ಹೊಳೆಯ ಉದ್ದಕ್ಕೆ ಓಡಬೇಡಿ; ಪಕ್ಕದ ದಿಣ್ಣೆ ಹತ್ತಿ. ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದರೆ ಅಲ್ಲೇ ಕುಳಿತಿರಿ. ಬೇಗ ಏರುವ ಹಳ್ಳ ಮಳೆ ನಿಂತ ಮೇಲೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಚೀಲ, ಚಪ್ಪಲಿ ಆಚೆ ಉಳಿದವೆಂದು ದಾಟಲು ಹೋಗುವುದು ತಪ್ಪು.

ಅಬ್ಬಿಯ ಬುಡದ ಗುಂಡಿ

10 ಮೀಟರ್ ಎತ್ತರದಿಂದ ಹಾರಿದವರು ನೀರು ಮುಟ್ಟುವಾಗ ವೇಗ ಗಂಟೆಗೆ 50 ಕಿ.ಮೀ. ಅದು ಹೇಗೋ ತಡೆದೀತು. ತಡೆಯದಿರುವುದು ನೀರಿನಡಿಯ ಬಂಡೆ. ಕಲ್ಲಿನ ಸಾಂದ್ರತೆ ನೀರಿನ 2.7 ಪಟ್ಟು, ನೀರಿನೊಳಗೆ ಅದರ ತೂಕ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಆದ್ದರಿಂದ ಒಂದು ಮಳೆಗಾಲದಲ್ಲಿ ಎಷ್ಟೋ ಉರುಳುಗಲ್ಲುಗಳು ಮೇಲಿಂದ ಬಂದು ಗುಂಡಿ ಸೇರುತ್ತವೆ. ಕಳೆದ ವರ್ಷ ಹಾರಿ ಗೊತ್ತಿರುವ ಗುಂಡಿ ಈ ವರ್ಷ ಹೊಸ ಗುಂಡಿಯೇ.

ಇನ್ನೊಂದು ಅಪಾಯ ಬಿಳಿ ನೊರೆಯದು. ಮನುಷ್ಯ ದೇಹದ ಸಾಂದ್ರತೆ ನೀರಿನದಕ್ಕೆ ಹತ್ತಿರ. ಶ್ವಾಸ ತುಂಬಿಕೊಂಡರೆ ತೇಲುತ್ತೇವೆ. ಧುಮುಕುವ ನೀರು ಗಾಳಿಯನ್ನು ಒಳಗೆ ಎಳೆದೊಯ್ಯುತ್ತದೆ. ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಗಾಳಿಯಿದ್ದರೆ ಸಾಂದ್ರತೆ 0.7ಕ್ಕೆ ಇಳಿಯುತ್ತದೆ. ಅದರಲ್ಲಿ ದೇಹ ತೇಲುವುದಿಲ್ಲ, ಕೈಬೀಸಿದರೆ ಕೈಗೆ ನೀರು ಸಿಗುವುದಿಲ್ಲ. ಸಾಲದ್ದಕ್ಕೆ, ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಎದ್ದು, ಮೇಲ್ಮೈಯಲ್ಲಿ ಮತ್ತೆ ಅಬ್ಬಿಯ ಕಡೆಗೇ ತಿರುಗುತ್ತದೆ. ಈ ಸುತ್ತಿನಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಮುಳುಗೇಳುವುದನ್ನು ನೋಡಬಹುದು. ದಿಮ್ಮಿಗೆ ಉಸಿರು ಬೇಕಿಲ್ಲ.

ಬಿದ್ದವರಲ್ಲಿ ಹಲವರು ನೀರಿಗೆ ಇಳಿಯಲು ಹೋದವರಲ್ಲ, ಮೇಲೆ ಅಂಚಿನಲ್ಲಿ ನಿಂತವರು. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಜಾರಿದ್ದನ್ನು ಅವನ ವಿಡಿಯೊ ತೆಗೆಯುತ್ತಿದ್ದವರೇ ಕಂಡರು. ಒದ್ದೆ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಡಯಾಟಮ್ ಮತ್ತು ನೀಲಹಸಿರು ಪಾಚಿಯ ಲೋಳೆ ಹರಡಿರುತ್ತದೆ. ಚಪ್ಪಲಿಗೂ ಕಲ್ಲಿಗೂ ನಡುವೆ ಅದು ಎಣ್ಣೆಯಂತೆ. ಕಪ್ಪಾಗಿ ಹೊಳೆಯುವ ಬಂಡೆಗಿಂತ ಒಣಗಿ ಬೂದಿ ಬಣ್ಣವಿರುವ ಬಂಡೆ ಮೇಲು, ಅಷ್ಟೆ.

ಕೇಳಿಸದ ಎಚ್ಚರಿಕೆ

ಘಟ್ಟದ ತೊರೆಗಳಲ್ಲಿ 'ಕುಣಿಯುವ ಕಪ್ಪೆ'ಗಳಿವೆ. ಸಕಲೇಶಪುರದ ನೆರೆಯ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಪ್ರಭೇದವೊಂದನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ 1937ರಲ್ಲಿ ವರ್ಣಿಸಿದರು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಈ ಕುಲದ ಇನ್ನೂ 14 ಹೊಸ ಪ್ರಭೇದಗಳನ್ನು ಪಶ್ಚಿಮ ಘಟ್ಟಗಳಿಂದ ವರದಿ ಮಾಡಿದರು. ಗಂಡು ಕಪ್ಪೆ ಒದ್ದೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಬೆರಳ ಜಾಲವನ್ನು ಬಿಡಿಸಿ, ಬಾವುಟದಂತೆ ಬೀಸುತ್ತದೆ. ಹೊಳೆಯ ಸದ್ದಿನಲ್ಲಿ ಕೂಗು ಕೇಳಿಸದ ಕಾರಣ ಕಣ್ಣಿಗೆ ಕಾಣುವ ಸನ್ನೆ ಅದಕ್ಕೆ ಬೇಕಾಯಿತು.

ಕಪ್ಪೆಗೆ ಗೊತ್ತಾದದ್ದು ಚಾರಣಿಗರಿಗೂ ಗೊತ್ತಿರಬೇಕು. ಅಬ್ಬಿಯ ಬಳಿ ಕೂಗು ಕೇಳುವುದಿಲ್ಲ. ಮೊದಲೇ ಕೈಸನ್ನೆ ಮಾತಾಡಿಕೊಂಡಿರಿ. ಮೇಲಿನ ಗುಡುಗು ಕೇಳುವುದಿಲ್ಲ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ; ಹಳ್ಳದ ಪಕ್ಕ ಬಿದಿರು ಮುರಿಯುವ ಸದ್ದೂ ಕೇಳುವುದಿಲ್ಲ. ತೋಟದವರು 'ಆ ಕಡೆ ಹೋಗಬೇಡಿ' ಎಂದರೆ ಅದಕ್ಕೆ ಕಾರಣ ಇರುತ್ತದೆ. ಇಂಬಳದ ವಿಷಯ ಬರೆಯಲು ಜಾಗ ಸಾಲದು. ಅದು ಕಚ್ಚುತ್ತದೆ, ಯಾರನ್ನೂ ಕೊಂದಿಲ್ಲ.

ಮೀಸಲು ಅರಣ್ಯದಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರಲ್ಲಿ ಇಲಾಖೆ ಚಾರಣಪಥಗಳಿಗೆ ಅಂತರ್ಜಾಲದ ಮೂಲಕ ಮುಂಗಡ ನೋಂದಣಿ ತಂದಿತು. ಸಕಲೇಶಪುರದ ರೈಲು ಹಳಿಯ ಮೇಲೆ ನಡೆದು ಕಮರಿಗಳನ್ನು ನೋಡುವ ಹಳೆಯ ರೂಢಿಯನ್ನು ಬಿಟ್ಟೇಬಿಡಬೇಕು. ಗೇಜ್ ಬದಲಾವಣೆಗೆಂದು 1996ರಲ್ಲಿ ರೈಲು ನಿಂತಿದ್ದ ಕಾಲದಲ್ಲಿ ಬೆಳೆದ ರೂಢಿ ಅದು. ಈಗ ಅಲ್ಲಿ ಹಗಲು ರಾತ್ರಿ ರೈಲು ಓಡುತ್ತದೆ. 2018ರ ಆಗಸ್ಟ್ ಮತ್ತು 2024ರ ಜುಲೈಯಲ್ಲಿ ಗುಡ್ಡ ಕುಸಿದದ್ದೂ ಇದೇ ಘಟ್ಟದಲ್ಲಿ.

ಯಾವಾಗ ಹೋಗುವುದು?

ಅಕ್ಟೋಬರಿನ ಗುಡುಗುಮಳೆ ಮುಗಿದ ಮೇಲೆ, ನವೆಂಬರಿನಿಂದ ಜನವರಿಯ ತನಕ. ಆಗ ಹೊಳೆಯಲ್ಲಿ ಹರಿಯುವುದು ಅಂದಿನ ಮಳೆಯಲ್ಲ. ಕಾಡಿನ ಮಣ್ಣು ಮಳೆಗಾಲದಲ್ಲಿ ಹೀರಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುವ ಒಸರು ನೀರು. ತಳ ಕಾಣುವಷ್ಟು ತಿಳಿ, ಗಂಟೆಗೊಮ್ಮೆ ಬದಲಾಗದ ಹರಿವು. ಜುಲೈಯ ಆರ್ಭಟ ಇರುವುದಿಲ್ಲ ಎಂದು ಬೇಸರಪಡುವವರಿದ್ದಾರೆ. ಆದರೆ ಒರಳುಗುಂಡಿ, ಬಿರುಕು, ಮೆಟ್ಟಿಲು ಇವೆಲ್ಲ ಕಾಣುವುದು ಆಗಲೇ.

ಮಳೆಗಾಲದ ನೀರು ಎಲ್ಲಿಯವರೆಗೆ ಏರಿತ್ತೆಂಬುದೂ ಆಗ ಕಾಣುತ್ತದೆ. ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸ ಕಡ್ಡಿಯನ್ನು ನೋಡಿ, ನಿಮ್ಮ ತಲೆಯಿಂದ ಎಷ್ಟು ಮೇಲಿದೆ ಎಂದು ಅಳೆಯಿರಿ. ಕಲ್ಲುಹೂವು ಬೆಳೆಯುವುದು ನೆರೆ ಮುಟ್ಟುವುದು ಅಪರೂಪವಾದ ಬಂಡೆಯ ಮೇಲೆ. ಅದರ ಕೆಳಗಿನ ಬೋಳು ಬಂಡೆ ಹೊಳೆಯ ಜಾಗ. ಇನ್ನೂ ಕೆಳಗೆ, ನೀರಿನಿಂದ ಆಗತಾನೆ ಹೊರಬಂದ ಕಲ್ಲಿಗೆ ಪಾಚಿಯಂತೆ ಅಂಟಿಕೊಂಡ ಗಿಡಗಳು ಕಾಣಬಹುದು. ಅವು ಪಾಚಿಯಲ್ಲ. ಪೊಡೊಸ್ಟೆಮೇಸಿ ಎಂಬ ಕುಟುಂಬಕ್ಕೆ ಸೇರಿದ ಹೂಬಿಡುವ ಸಸ್ಯಗಳು. ಮಳೆಗಾಲವಿಡೀ ರಭಸದ ನೀರಿನಡಿಯಲ್ಲಿ ಕಲ್ಲಿಗೆ ಕಚ್ಚಿಕೊಂಡಿದ್ದು, ನೀರು ಇಳಿದ ಕೂಡಲೇ ಅವಸರದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಹೂಗಳನ್ನು ಬಿಟ್ಟು, ಬೀಜ ಕಟ್ಟಿ ಒಣಗುತ್ತವೆ. ಮುಂದಿನ ಮಳೆಗೆ ಒದ್ದೆಯಾದ ಬೀಜ ಅಂಟಾಗಿ ಮತ್ತೆ ಕಲ್ಲಿಗೆ ಹಿಡಿದುಕೊಳ್ಳುತ್ತದೆ. ಡಿಸೆಂಬರಿನ ಬಿಸಿಲಿನಲ್ಲಿ ನೀವು ಕಾಲು ಚಾಚಿ ಕುಳಿತ ಬಂಡೆಯ ಮೇಲೆ ಈ ಗಿಡದ ಒಣಗಿದ ಪದರ ಕಂಡರೆ, ಆ ಬಂಡೆ ಜುಲೈಯಲ್ಲಿ ಧಾವಿಸುವ ನೀರಿನಡಿಯಲ್ಲಿತ್ತು.